ಪಟ್ಟಿ ಕೊಡದ ಮನೆಯ ಬಾಣಂತಿ

ಬೋರವ್ವ ಹುಟ್ಟಿದ್ದು ಕುರಿ ಹಿಂಡಿನ ಹಿಂದೆ ತಿರುಗುವವರ ಬಿಡಾರದಲ್ಲಿ. ಬಯಲಲ್ಲಿ ಬೆಂಕಿ ಹಾಕಿಕೊಂಡು ಅದರ ಮಗ್ಗುಲಲ್ಲೇ ಮಲಗಿ ಬೆಳೆದವಳು, ತೋಳ ಬಂದರೆ ಕೊಳ್ಳಿ ಹಿಡಿದು ಅಟ್ಟಿದವಳು. ಅಂಥವಳಿಗೆ ತಲೆ ನೆರೆತ ಮೇಲೆ ಒಲೆಯ ಕಿಡಿ ಕಂಡರೂ ಎದೆ ಹಾರತೊಡಗಿತು ಅಂದರೆ ಯಾರು ನಂಬಬೇಕು?

ಹುನಗುಂದದಾಚೆಯ ಆ ಹಳ್ಳಿಗೆ ಆಕೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿದಳು. ಮಗ ರಾಜಕುಮಾರ ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹತ್ತಿದ. ಮಗಳು ಸವಿತಾಳನ್ನು ಬಾದಾಮಿ ಕಡೆ ಕೊಟ್ಟಿದ್ದಳು. ಈಗ ಆ ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಗಂಡು. ಇಬ್ಬರನ್ನೂ ಬೀಗರ ಮನೆಗೆ ಸುಸೂತ್ರ ಮುಟ್ಟಿಸಿಬಿಟ್ಟರೆ ಬೀರಪ್ಪನ ಗುಡಿಗೆ ಬರಿಗಾಲಲ್ಲಿ ಹೋಗುತ್ತೇನೆ ಎಂದು ಬೋರವ್ವ ಹರಕೆ ಹೊತ್ತಿದ್ದಳು.

ಹೆದರಿಕೆ ಹೊಕ್ಕಿದ್ದು ಒಂದು ಟ್ಯಾಂಕರಿನಿಂದ. ಬೆಂಕಿ ಆರಿಸುವ ಸರಕಾರಿ ಗಾಡಿ ದೂರದಿಂದ ಬರಬೇಕು, ಅದು ಬರುವಷ್ಟರಲ್ಲಿ ಮೇವಿನ ಬಣವೆ ಬೂದಿಯಾಗಿರುತ್ತದೆ ಎಂದು ಊರವರು ಮನೆಗಿಷ್ಟು ಎಂದು ಪಟ್ಟಿ ಎತ್ತಿ, ಪಂಪು ಕೂಡಿಸಿದ ನೀರಿನ ಟ್ಯಾಂಕರ್ ಒಂದನ್ನು ತಂದು ಟ್ರ್ಯಾಕ್ಟರಿಗೆ ಕಟ್ಟಿದ್ದರು. ಪಟ್ಟಿ ಕೊಟ್ಟ ಮನೆಗೆ ಮಾತ್ರ ನೀರು. ಪಟ್ಟಿ ಎತ್ತುವಾಗ ಬೋರವ್ವ ಮಗಳ ಜೊತೆ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು. ಬಂದವಳೇ ಸೆರಗಿನ ಗಂಟು ಬಿಚ್ಚುತ್ತ ಟ್ಯಾಂಕರಿನ ಉಸ್ತುವಾರಿ ಹೊತ್ತ ಹಿರಿಯ ಹನಮಂತಪ್ಪನ ಕಟ್ಟೆಗೆ ಹೋದಳು. ಆತ ಕೆಟ್ಟವನಲ್ಲ. ಆದರೆ ಒಪ್ಪಲಿಲ್ಲ.

"ನಿನ್ನ ಕಡೆ ಈಗ ಇಸ್ಕೊಂಡ್ನಿ ಅಂದ್ರ, ನಾಳಿ ಎಲ್ಲಾರೂ ಬೆಂಕಿ ಹತ್ತಿದ ಮ್ಯಾಲ ರೊಕ್ಕ ಹಿಡ್ಕೊಂಡು ಬರ್ತಾರ, ತಂಗಿ. ಯುಗಾದಿಗೆ ಹೊಸಾ ಪಟ್ಟಿ ಎತ್ತತೇವಿ."

"ಹಂಗಾರ ಅಲ್ಲಿತನಕಾ ನಮ್ಮನಿ ಕಡೆ ಬರಬ್ಯಾಡ ಅಂತ ಬೆಂಕಿಗೂ ಹೇಳಿ ಕಳಸ್ರಿ, ಯಣ್ಣಾ" ಎಂದಳು. ಕಟ್ಟೆಯ ಮೇಲಿದ್ದವರು ನಕ್ಕರು. ತಾನೂ ನಕ್ಕಳು. ಮನೆ ಮುಟ್ಟಿದವಳೇ ಮೊದಲು ಮಗಳ ಹೊರಸಿನ ಕೆಳಗೆ ಬಗ್ಗಿ ನೋಡಿದಳು.

ಯಾಕೆಂದರೆ ಬೆಂಕಿ ಆಕೆಯ ಮನೆಯೊಳಗೇ ಇತ್ತು. ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡಬೇಕು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ತಾಯಿ ಕೂಸು ಇಬ್ಬರನ್ನೂ ಕಾಸಬೇಕು. ಬಿಟ್ಟರೆ ಬೀಗರು ಸುಮ್ಮನಿರುತ್ತಾರೆಯೇ? ಹೊರಸಿನ ನುಲಿ ಹಗ್ಗ, ಕೆಳಗಿಳಿದ ಕೌದಿಯ ಅಂಚು, ಕೆಂಪಗೆ ಉಸಿರಾಡುವ ಕೆಂಡ. ಬೋರವ್ವ ಅದನ್ನೇ ನೋಡುತ್ತ ನೆಲಕ್ಕೆ ಕೂತಿರುತ್ತಿದ್ದಳು.

"ಯವ್ವಾ, ನೀ ನನ್ನ ಕಾಯಾಕತ್ತೀಯೋ, ಕೆಂಡಾ ಕಾಯಾಕತ್ತೀಯೋ?" ಎಂದು ಸವಿತಾ ಚಾಷ್ಟಿ ಮಾಡುತ್ತಿದ್ದಳು.

ಮಗಳಿಗೆ ಕಣ್ಣು ಹತ್ತಿತೆಂದರೆ ಸಾಕು, ಆಕೆ ಕೆಂಡದ ಬೋಗುಣಿಯನ್ನು ಹೊರಗೊಯ್ದು ಮನೆಯ ಮಗ್ಗುಲಿನ ತಿಪ್ಪೆಗೆ ಸುರಿದು ಬರುತ್ತಿದ್ದಳು. ಮನೆಯಿಂದ ಹೊರಬಿದ್ದರೆ ಪೀಡೆ ಕಳೆದಂತೆ. ಬಿಡಾರದಲ್ಲಿ ಬೆಳೆದವರಿಗೆ ಬೂದಿಯ ಚಿಂತೆ ಇರುವುದಿಲ್ಲ, ಬೆಳಗಾದರೆ ಅವರದು ಬೇರೆ ಹೊಲ. ತಿಪ್ಪೆಯ ಆಚೆ ಪಕ್ಕದ ಮನೆಯ ಬನಶಂಕರಿಯ ಜೋಳದ ಕಣಿಕೆಯ ಬಣವೆ ಇತ್ತು. ಅದು ಆಕೆಯ ಲೆಕ್ಕಕ್ಕೇ ಬರಲಿಲ್ಲ.

ಒಂದು ಮಧ್ಯಾಹ್ನ ಹಾಗೇ ಸುರಿದು, ಕೊಡ ಹಿಡಿದು ನಳಕ್ಕೆ ಹೋಗಿದ್ದಳು. ಸುಂಟರಗಾಳಿ ಎದ್ದಿತು. ಕೊಡ ತುಂಬಿರಲಿಲ್ಲ, ಯಾರೋ ಹೊಗೆ ಎಂದರು. ಓಡಿ ಬಂದು ನೋಡಿದರೆ ಬಣವೆ ಧಗಧಗ ಉರಿಯುತ್ತಿದೆ. ಕಿಡಿ ಹಾರಿ, ತನ್ನ ಬಾಗಿಲ ಮುಂದಿನ ಕಬ್ಬಿನ ರವದಿಯ ಛಪ್ಪರಕ್ಕೂ ಹತ್ತಿದೆ. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು. ಒಳಗೆ ಕೂಸು ಕಿರುಚುತ್ತಿತ್ತು.

ಟ್ಯಾಂಕರ್ ಬಂದಿತ್ತು. ಡ್ರೈವರ್ ಲಾಡಸಾಬ ಪೈಪು ಹಿಡಿದು ಬಣವೆಗೆ ನೀರು ಬಿಡುತ್ತಿದ್ದ. ಛಪ್ಪರ ಕಂಡು ಪೈಪು ತಿರುಗಿಸಲು ಹೋದವನು ಹನಮಂತಪ್ಪನ ಮುಖ ನೋಡಿದ. ಹನಮಂತಪ್ಪ ಬೆವೆತುಹೋಗಿದ್ದ. ಇದ್ದದ್ದು ಒಂದೇ ಟ್ಯಾಂಕರ್ ನೀರು, ಗಾಳಿ ಯಾವ ಕಡೆ ತಿರುಗೀತೋ ಹೇಳುವಂತಿಲ್ಲ, ತೀರಿಹೋದರೆ ಪಟ್ಟಿ ಕೊಟ್ಟವರಿಗೆ ಏನು ಹೇಳಲಿ ಎಂದು ಬಡಬಡಿಸುತ್ತಿದ್ದ. ಪಂಪಿನ ಸದ್ದಿನಲ್ಲಿ ಕೂಸಿನ ಕೂಗು ಕೇಳದೆ, ಒಳಗೆ ಬಾಣಂತಿ ಇದ್ದಾಳೆಂಬುದು ಆತನ ತಲೆಯಲ್ಲೇ ಇರಲಿಲ್ಲ.

ಬೋರವ್ವ ಪೈಪಿನ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಆ ನೀರು ತನ್ನದಲ್ಲ ಎಂಬ ಮಾತು ಕಾಲಿಗೆ ಅಡ್ಡ ಬಂದಿತ್ತು.

ಬಣವೆಯ ಒಡತಿ ಬನಶಂಕರಿ, ಉರಿಯುವ ತನ್ನ ಮೇವಿಗೆ ಬೆನ್ನು ಮಾಡಿ ಬಂದು ಲಾಡಸಾಬನ ಕೈ ಹಿಡಿದಳು.

"ನಾ ಪಟ್ಟಿ ಕೊಟ್ಟಾಕಿ. ಇದು ನನ್ನ ಪಾಲಿನ ನೀರು. ಬಣವಿ ಹೋಗ್ಲಿ, ಆ ಬಾಗಲಕ್ಕ ಹೊಡಿ. ಒಳಗ ಬಾಣಂತಿ ಅದಾಳ."

ನೀರು ತಿರುಗಿತು. ಬೋರವ್ವ ಯಾರೋ ಕೊಟ್ಟ ನೆನೆದ ಕಂಬಳಿ ಹೊದ್ದು ಕರಕಲು ಛಪ್ಪರದ ಕೆಳಗೆ ನುಗ್ಗಿ, ಒಳಗಿನ ಹೊಗೆಯಲ್ಲಿ ತಡವರಿಸಿ, ಕೂಸನ್ನು ಎದೆಗವಚಿಕೊಂಡು ಮಗಳ ರಟ್ಟೆ ಹಿಡಿದು ಎಳೆತಂದಳು. ಸವಿತಾ ಕೆಮ್ಮುತ್ತಿದ್ದಳು. ಕೂಸು ಅಳುತ್ತಿತ್ತು. ಅಳುತ್ತಿದೆಯಲ್ಲ, ಅಷ್ಟು ಸಾಕು.

ಮನೆಯೊಳಗೆ ಹೊಗೆ, ಕೆಸರು ತುಂಬಿತ್ತೆಂದು ಸಂಜೆ ಬಾಣಂತಿಗೆ ಬನಶಂಕರಿಯ ಪಡಸಾಲೆಯಲ್ಲೇ ಹಾಸಿದರು. ಹನಮಂತಪ್ಪ ಬಂದು ತಲೆ ತಗ್ಗಿಸಿ ಕೂತ. ನಾಳೆಯೇ ನಿನ್ನ ಪಟ್ಟಿ ಇಸಿದುಕೊಳ್ಳುತ್ತೇನೆ ಎಂದ. ಆಮೇಲೆ, ಬೆಂಕಿ ಎಲ್ಲಿಂದ ಹತ್ತಿತೋ, ಯಾವನೋ ಬೀಡಿ ಒಗೆದಿರಬೇಕು ಎಂದ. ಬನಶಂಕರಿ ಹೌದೆಂದು ತಲೆಯಾಡಿಸಿದಳು.

ಬೋರವ್ವ ತೊಡೆಯ ಮೇಲಿನ ಕೂಸಿಗೆ ಸೆರಗು ಹೊದಿಸಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಹಸಿ ಬಾಣಂತಿಯನ್ನು ಕಟ್ಟಿಕೊಂಡು ಈ ರಾತ್ರಿ ಎಲ್ಲಿಗೆ ಹೋಗುವುದು?

"ಬೀಡಿ ಅಲ್ಲ, ಬನಶಂಕರೆವ್ವಾ. ಕೆಂಡಾ ನಾನ ಚೆಲ್ಲಿದ್ನಿ, ತಿಪ್ಪಿಗೆ."

ಬನಶಂಕರಿ ಆಕೆಯನ್ನು ನೋಡಿದಳು, ಕೂಸನ್ನು ನೋಡಿದಳು. ಕೊಟ್ಟಿಗೆಯಲ್ಲಿ ಎಮ್ಮೆ ಮೇವಿಗಾಗಿ ಒದರುತ್ತಿತ್ತು.

"ಅದು ಇವತ್ತ ಏನ ತಿನ್ನಬೇಕ, ಬೋರವ್ವಕ್ಕಾ?" ಎಂದಳು. ಅಷ್ಟೇ ಎಂದು ಎದ್ದು ಒಳಗೆ ಹೋದಳು.

ಬೋರವ್ವ ಕೂಸನ್ನು ಮಗಳ ಮಡಿಲಿಗೆ ಹಾಕಿದಳು. ಕುಡುಗೋಲು ಹುಡುಕಿಕೊಂಡು ಹಳ್ಳದ ದಂಡೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಬನಶಂಕರಿಯ ಬಾಗಿಲು ತೆರೆದಿರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಕತ್ತಲಾಗುವ ಮೊದಲು ಎಮ್ಮೆಗೆ ಒಂದು ಹೊರೆಯಾದರೂ ಆಗಲೆಂದು ಹುಲ್ಲು ಕೊಯ್ಯುತ್ತಲೇ ಇದ್ದಳು.