ಎರಡನೇ ದಿನ ಬಿಚ್ಚಿದ ಹಾಸಿಗೆ

ಹತ್ತಿ ಸಾಹೇಬರ ಮನೆಯ ತಾರಸಿ ಹತ್ತಿದರೆ ಸಮುದ್ರ ಕಾಣುತ್ತಿತ್ತು. ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆ. ಆದರೆ ಮದುವೆಯಾಗಿ ನಲವತ್ತೊಂದು ವರ್ಷವಾದರೂ ಅವರ ಹೆಂಡತಿ ಆ ನೀರಿಗೆ ಕಾಲಿಟ್ಟಿರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರಲ್ಲ, ಹಾಗೆ. ಬಿಸಿಲಿದ್ದ ದಿನ ಹತ್ತಿ ಒಣಹಾಕಬೇಕು, ಹಿಂಜಬೇಕು, ಹಾಸಿಗೆ ತುಂಬಬೇಕು. ಮಳೆ ಬಂದು ಕೆಲಸ ನಿಂತ ದಿನ ಸಮುದ್ರಕ್ಕೆ ಯಾರು ಹೋಗುತ್ತಾರೆ?

ಸಾಹೇಬರು ಹೆಂಡತಿಯನ್ನು ಬೀಬಿ ಎನ್ನುತ್ತಿದ್ದರು. ಓಣಿಗೆಲ್ಲ ಆಕೆ ಬೀಬಿಯೇ ಆದಳು. ಸಾಹೇಬರ ಕೆಲಸವೆಂದರೆ ಹಳೆಯ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಅರಳಿಸಿ, ಮತ್ತೆ ತುಂಬಿ ಹೊಲಿಯುವುದು. ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆಂದು ಹಾಸಿಗೆ ನೋಡಿಯೇ ಹೇಳುತ್ತಿದ್ದರು. ಹತ್ತಿಯ ದೂಳೆಲ್ಲ ಎದೆಯಲ್ಲಿ ಹೋಗಿ ಕೂತಿತ್ತು. ಒಂದು ವರ್ಷದಿಂದ ಮಲಗಿದರೆ ಉಸಿರು ಕಟ್ಟುತ್ತಿತ್ತು; ಗೋಡೆಗೆ ಒರಗಿ ಕೂತೇ ನಿದ್ದೆ. ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಲಾಗದೆ ಕುರ್ಚಿಯ ಮೇಲೆ ಕೂತು ತಲೆ ಬಾಗಿಸುತ್ತಿದ್ದರು.

ಡಾಕ್ಟರು ಬೀಬಿಯ ಎದುರೇ ಹೇಳಿದರು: "ಹತ್ತಿ ಮುಟ್ಟೋದು ಬಿಟ್ರೆ ಇನ್ನೂ ಒಂದಷ್ಟು ವರ್ಷ ಇರ್ತೀರಿ. ಮುಟ್ಟಿದ್ರೆ ನಾನು ಹೊಣೆ ಅಲ್ಲ. ಒಂದು ವಾರ ಸಮುದ್ರದ ಕಡೆ ಇದ್ದು ಬನ್ನಿ, ಒಳ್ಳೆ ಗಾಳಿ ಹೋಗ್ಲಿ ಒಳಗೆ."

ಶಾಲೆಯಲ್ಲಿ ಟೀಚರಾಗಿದ್ದ ಮಗಳು ರಜೆ ಹಾಕಿ, ದಡಕ್ಕೆ ಮುಖ ಮಾಡಿದ ಲಾಡ್ಜಿನಲ್ಲಿ ಒಂದು ರೂಮು ಹಿಡಿದಳು. ಹೊರಡುವ ದಿನ ಬೀಬಿ ಗಂಡನ ಚೀಲವನ್ನೆಲ್ಲ ಜಾಲಾಡಿ ಕತ್ತರಿ, ನೂಲಿನ ಉಂಡೆ ತೆಗೆದಿಟ್ಟಳು. ಟೋಪಿಯ ಒಳಗೂ ಬೆರಳಾಡಿಸಿದಳು.

"ಏನೇ ಬೀಬಿ, ಪೊಲೀಸರ ಥರ ಹುಡುಕ್ತೀಯ?"

"ಕಳ್ಳನ ಜೊತೆ ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ ಕಣ್ರೀ."

ದಬ್ಬಣ ಮಾತ್ರ ಅಂಗಿಯ ಕಾಲರಿನ ಒಳಗೆ, ನೂಲು ಸುತ್ತಿಕೊಂಡು, ಚುಚ್ಚಿದ ಹಾಗೇ ಇತ್ತು. ಅದು ಯಾವಾಗಲೂ ಅಲ್ಲೇ ಇರುತ್ತಿದ್ದುದರಿಂದ ಗುಂಡಿಯಂತೆ ಅದೂ ಅಂಗಿಯದೇ ಆಗಿಹೋಗಿತ್ತು. ಆಕೆಯ ಕಣ್ಣಿಗೆ ಬೀಳಲಿಲ್ಲ.

ಮೊದಲ ದಿನ ಸಾಹೇಬರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತೇ ಇದ್ದರು. ರಾತ್ರಿ ಕೆಮ್ಮದೆ ನಿದ್ದೆ ಹೋದರು. ಬೆಳಿಗ್ಗೆ ಎದ್ದು ಹೊಟ್ಟೆಯ ಮೇಲೆ ಕೈ ಇಟ್ಟು, "ಉಸಿರು ಇಲ್ಲೀವರೆಗೂ ಹೋಯ್ತು ಬೀಬಿ" ಎಂದರು. ಬೀಬಿ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆ ಮಂಚದಿಂದ ಏಳುವಾಗ ಸೊಂಟ ಹಿಡಿದುಕೊಂಡದ್ದನ್ನು ಅವರು ನೋಡಿಬಿಟ್ಟರು.

"ಏನಾಯ್ತು?"

"ಏನಿಲ್ಲ, ಹಾಸಿಗೆ ಸ್ವಲ್ಪ ಗಂಟು ಗಂಟು."

ಅಂದದ್ದೇ ತಪ್ಪಾಯಿತು. ಸಾಹೇಬರು ಎದ್ದು ಬಂದು ಅಂಗೈಯಿಂದ ಒತ್ತಿ ನೋಡಿದರು. "ಇದು ಹಾಸಿಗೆಯಲ್ಲ, ಆಲೂಗಡ್ಡೆ ಮೂಟೆ. ಯಾವ ಪುಣ್ಯಾತ್ಮ ಹೊಲಿದನೋ!"

"ಅಬ್ಬಾ, ಕೈ ತೆಗೀರಿ," ಎಂದು ಮಗಳು ಅಪ್ಪನನ್ನು ಗದರಿದಳು.

"ನೋಡ್ದೆ ಅಷ್ಟೇ. ನೋಡೋದಕ್ಕೂ ಡಾಕ್ಟರ ಚೀಟಿ ಬೇಕೇನಮ್ಮ?"

ಮಧ್ಯಾಹ್ನದ ನಮಾಜು ಮುಗಿಸಿ ಅವರೇ ಹೆಂಡತಿಯನ್ನು ಅಟ್ಟಿದರು. "ನೀನು ನೀರಿಗಿಳಿ ಹೋಗು. ನಾನು ಕಿಟಕಿಯಿಂದ ನೋಡ್ತೀನಿ."

ಬೀಬಿ ಬುರ್ಖಾ ಎತ್ತಿ ಹಿಡಿದು, ಮಗಳ ತೋಳಿಗೆ ಜೋತುಬಿದ್ದು ಇಳಿದಳು. ಅಲೆ ಬಂದು ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋದಾಗ, "ಅಯ್ಯೋ, ನೆಲಾನೇ ಹೋಯ್ತಲ್ಲೇ!" ಎಂದು ಕೂಗಿ ಬಿದ್ದು ಬಿದ್ದು ನಕ್ಕಳು. ಗಂಡನಿಗೆ ಕೈ ಬೀಸೋಣವೆಂದು ತಿರುಗಿದರೆ ಕಿಟಕಿಯಲ್ಲಿ ಅವರಿಲ್ಲ. ಮಲಗಿರಬೇಕು ಎಂದುಕೊಂಡಳು. ಅವರು ಮಲಗಲಾರರೆಂದು ಆಮೇಲೆ ನೆನಪಾಯಿತು. ಇನ್ನೊಂದು ಅಲೆ ಬರಲಿ, ಹೋದರಾಯಿತು ಎಂದು ನಿಂತಳು. ಒಂದಲ್ಲ, ನೂರು ಅಲೆ ಬಂದವು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬಿಸಿಲಿಳಿದ ಮೇಲೆ ಬಂದು ರೂಮಿನ ಬಾಗಿಲು ತೆಗೆದರೆ ಒಳಗೆಲ್ಲ ಬೆಳ್ಳಗೆ. ಸಾಹೇಬರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದರು. ಹಾಸಿಗೆಯ ಒಂದು ಅಂಚು ಬಿಚ್ಚಿ, ಹತ್ತಿಯನ್ನೆಲ್ಲ ಹೊರಗೆಳೆದು, ಒಂದೊಂದು ಗಂಟನ್ನೂ ಬೆರಳಿನಿಂದಲೇ ಬಿಡಿಸಿ ಮತ್ತೆ ತುಂಬಿದ್ದರು. ಕೊನೆಯ ಹೊಲಿಗೆ ನಡೆಯುತ್ತಿತ್ತು. ಕಿಟಕಿ ಎರಡೂ ಗಟ್ಟಿಯಾಗಿ ಮುಚ್ಚಿದ್ದವು.

"ಅಬ್ಬಾ! ಕಿಟಕಿ ಯಾಕೆ ಹಾಕಿದ್ರಿ?" ಮಗಳು ಕಿರುಚಿದಳು.

"ತೆಗೆದ್ರೆ ಹತ್ತಿ ಹಾರುತ್ತಲ್ಲಮ್ಮ."

ಹಿಂಜುವ ಮನೆಯಲ್ಲಿ ಗಾಳಿ ಆಡಬಾರದು. ಅದು ಅವರ ತಂದೆ ಕಲಿಸಿದ ಮೊದಲ ಪಾಠ. ಯಾವ ಗಾಳಿಗಾಗಿ ಅವರನ್ನು ಇಲ್ಲಿಗೆ ಕರೆತಂದಿದ್ದರೋ ಆ ಗಾಳಿಯನ್ನೇ ಸಾಹೇಬರು ಹೊರಗಿಟ್ಟು ಕೂತಿದ್ದರು.

ನೂಲು ಕಡಿದು ಅವರು ಹೆಂಡತಿಯ ಕಡೆ ನೋಡಿದರು. "ಮಲಗಿ ನೋಡು. ಹೇಗಿದೆ?"

ಬೀಬಿಯ ಬಾಯ್ತುಂಬ ಬೈಗುಳವಿತ್ತು. ಆದರೆ ಮನೆಯಲ್ಲಿ ಅಷ್ಟು ವರ್ಷ ಆಕೆ ಮಲಗಿದ್ದು ಊರವರ ಹಾಸಿಗೆಯಲ್ಲಿ ಮಿಕ್ಕ ಹತ್ತಿಯ ಮೇಲೆ. ಆಕೆಗೆಂದು ಅವರು ಹೊಲಿದದ್ದು ಇದೊಂದೇ. ಹೇಗಿದೆ ಎಂದು ಕೇಳಿದ್ದೂ ಇದೊಂದೇ ಸಲ. ಒದ್ದೆ ಬುರ್ಖಾದಲ್ಲೇ ಹೋಗಿ ಮಲಗಿದಳು.

"ಚೆನ್ನಾಗಿದೆ ಕಣ್ರೀ. ಹಾಸಿಗೇನೇ ನನ್ನ ಎತ್ಕೊಂಡ ಹಾಗಿದೆ."

ಸಾಹೇಬರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಸಂಜೆಗೆ ಆಸ್ಪತ್ರೆಗೆ ಒಯ್ದರು. ಅಲ್ಲಿ ಹತ್ತೊಂಬತ್ತು ದಿನ ಮೂಗಿಗೆ ಆಕ್ಸಿಜನ್ ಹಾಕಿಕೊಂಡು, ಕೂತೇ ಇದ್ದು, ಇಪ್ಪತ್ತನೆಯ ದಿನ ಬೆಳಿಗ್ಗೆ ತೀರಿಕೊಂಡರು. ಆಗಲೇ ಅವರನ್ನು ಮಲಗಿಸಿದ್ದು.

ಬೀಬಿ ಇದ್ದತ್ತಿಗೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸಲು ದಾಟುವಂತಿಲ್ಲ. ಮಗಳು ಶಾಲೆ ಮುಗಿಸಿ ಬಂದು ಅಡುಗೆ ಮಾಡುತ್ತಿದ್ದಳು, ಮಾತು ಕಡಿಮೆ. ಒಂದು ಸಂಜೆ ಅಕ್ಕಿ ಆರಿಸುತ್ತಾ ಬಾಯಿಬಿಟ್ಟಳು.

"ಅವತ್ತು ನೀವು ಬೈಬೇಕಿತ್ತು ಅಮ್ಮಿ. ಹೊಗಳಿದ್ರಿ."

"ದೂಳು ಒಳಗೆ ಹೋಗಿಯಾಗಿತ್ತಲ್ಲೇ. ಬೈದಿದ್ರೆ ವಾಪಸ್ ಬರ್ತಿತ್ತಾ?"

ಮಗಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. ಬೀಬಿ ಮೊರದ ಅಂಚನ್ನು ಹಿಡಿದುಕೊಂಡಳು.

"ಕಿಟಕೀಲಿ ಅವರಿಲ್ಲ ಅಂತ ನೀರಲ್ಲಿದ್ದಾಗಲೇ ಕಂಡಿತ್ತು ಕಣೇ. ಬರಬೇಕಿತ್ತು. ನಂಗೆ ನೀರು ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಮಗಳ ಕೈ ಅಕ್ಕಿಯಲ್ಲೇ ನಿಂತಿತು.

"ನಂಗೂ ಕಂಡಿತ್ತು ಅಮ್ಮಿ," ಎಂದಳು. "ನೀವು ನಗ್ತಾ ಇದ್ರಿ. ಅದಕ್ಕೇ ಹೇಳ್ಲಿಲ್ಲ."