ಸಾಹುಕಾರರ ಹೆಸರಿನ ಪಿಕಪ್

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಬಾವಿಗಳೆಲ್ಲ ತಳ ಕಂಡಿದ್ದವು. ಮನಗೂಳಿಯಿಂದ ಮುಳವಾಡದವರೆಗೆ, ಆಚೆ ಸಿಂದಗಿ, ಇಂಡಿ ತಾಲೂಕುಗಳ ಕಡೆಗೂ, ಹೊಲವಿದ್ದವರೆಲ್ಲ ಬಾವಿಯನ್ನು ಇನ್ನಷ್ಟು ಆಳ ಮಾಡಿಸುತ್ತಿದ್ದರು. ನಾನೂ ನನ್ನ ಅಣ್ಣನೂ ಮಾಡುತ್ತಿದ್ದುದು ಅದೇ ಕೆಲಸ. ಬಾವಿಗಿಳಿದು ಬಂಡೆಗೆ ತೂತು ಕೊರೆಯುವುದು, ಮದ್ದು ತುಂಬಿ ಸಿಡಿಸುವುದು. ಕೊರೆಯುವ ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರ್ ನಮ್ಮದೇ ಇತ್ತು. ಅಣ್ಣ ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ದುಡಿದು, ಹಳೆಯದೊಂದನ್ನು ಕೊಂಡು ರಿಪೇರಿ ಮಾಡಿಸಿಕೊಂಡಿದ್ದ.

ಕಂಪ್ರೆಸರಿಗೆ ಗಾಲಿಗಳಿದ್ದವು, ಎಳೆಯಲು ಗಾಡಿ ಇರಲಿಲ್ಲ. ಊರಿಂದೂರಿಗೆ ಒಯ್ಯಬೇಕಾದರೆ ಬಾಡಿಗೆ ಟ್ರ್ಯಾಕ್ಟರಿನವರ ಕಾಲು ಹಿಡಿಯಬೇಕು. ಅವರು ಇವತ್ತು ಎಂದರೆ ನಾಡಿದ್ದು ಬರುವವರು. ಅಷ್ಟರಲ್ಲಿ ಬೇರೆ ಯಾರೋ ಬಂದು ಆ ಬಾವಿಯ ಕೆಲಸ ಹಿಡಿದಿರುತ್ತಿದ್ದರು. ಕೊನೆಗೆ ಅತ್ತಿಗೆಯೇ, "ಟ್ರ್ಯಾಕ್ಟರ್ ದಾರಿ ಕಾಯೂದ್ರಾಗ ಅರ್ಧ ಜೀವನ ಹೋತು. ನಮ್ಮದ ಒಂದು ಗಾಡಿ ತಗೊಳ್ಳೂಣು" ಎಂದಳು. ತನ್ನ ಕೊರಳಿನ ಬಂಗಾರ ಬಿಚ್ಚಿ ಕೊಟ್ಟಳು.

ಬಿಜಾಪುರದ ಅಂಗಡಿಯೊಂದರಲ್ಲಿ ಹೊಸ ಪಿಕಪ್ ಬಂದಿದೆಯೆಂದು ಕೇಳಿ ಇಬ್ಬರೂ ಹೋದೆವು. ಒಗೆದ ಅಂಗಿ ತೊಟ್ಟಿದ್ದೆವು. ಮ್ಯಾನೇಜರ್ ನಮ್ಮನ್ನು ನೋಡಿ, "ಯಾರ ಗಾಡಿ ಡ್ರೈವರ್ ನೀವು?" ಎಂದ.

"ಡ್ರೈವರ್ ಅಲ್ರಿ. ಗಾಡಿ ತಗೊಳ್ಳಾಕ ಬಂದೇವ್ರಿ," ಎಂದ ಅಣ್ಣ.

ಮ್ಯಾನೇಜರ್ ದರ ಹೇಳಿದ. ಅಣ್ಣ ಕೂಡಲೇ ಒಪ್ಪುವವನಲ್ಲ. ಕಂಪ್ರೆಸರ್ ಕಟ್ಟಲು ಬೇಕಾದ ಹಿಂದಿನ ಹುಕ್ಕು ಆ ದರದಲ್ಲಿ ಬರುತ್ತದೆಯೇ ಎಂದು ಕೇಳಿದ. ಅದು ಬೇರೆ ಎಂದ ಮ್ಯಾನೇಜರ್. ವಿಮೆಯೂ ಬೇರೆ, ಹೆಚ್ಚಿನ ಟೈರೂ ಬೇರೆ.

"ಎಲ್ಲಾ ಕೂಡಿ ಒಂದ ಮಾತು ಹೇಳ್ರಿ. ಆಮ್ಯಾಲೆ ಚೌಕಾಶಿ ಮಾಡೂಣು."

"ಎಲ್ಲಾ ಕೂಡಿದ ಮ್ಯಾಲೂ ನಮಗೊಂದಿಷ್ಟು ಕೈಯಾಗ ಕೊಡಬೇಕಾಗ್ತೈತಿ. ಇಲ್ಲಾಂದ್ರ ಹೆಸರು ಹಚ್ಚಿ ಹೋಗ್ರಿ. ಪಾಳಿ ಬಂದಾಗ ಬರ್ತೈತಿ."

ಹಿಂದಿನ ತಿಂಗಳಷ್ಟೇ ಮುದ್ದೇಬಿಹಾಳದ ಗುತ್ತಿಗೆದಾರರೊಬ್ಬರು ಇದೇ ಅಂಗಡಿಯಿಂದ ಪಿಕಪ್ ಒಯ್ದಿದ್ದರು. ಅವರ ಬಾವಿಯಲ್ಲಿ ಕೆಲಸ ಮಾಡುವಾಗ ಅಣ್ಣ ಎಲ್ಲವನ್ನೂ ವಿಚಾರಿಸಿಕೊಂಡಿದ್ದ. "ಅವರ ಕಡೆ ಮ್ಯಾಲಿಂದು ಏನೂ ತಗೊಂಡಿಲ್ಲಲ್ರಿ," ಎಂದ.

"ಅವರ ಮಾತ ಬ್ಯಾರೆ," ಎಂದ ಮ್ಯಾನೇಜರ್. ಆಮೇಲೆ ನಮ್ಮ ಊರು ಯಾವುದು, ನಾವು ಯಾರ ಪೈಕಿ ಎಂದು ಕೇಳಿದ. ಅಣ್ಣ ಹೇಳಿದ. ಬುದ್ಧನ ಫೋಟೋ ಇಟ್ಟುಕೊಂಡ ಮನೆ ನಮ್ಮದು, ಊರ ಹೊರಗಿನ ಕೇರಿಯವರು ನಾವು. ಅದನ್ನು ಮುಚ್ಚಿಡುವ ಅಭ್ಯಾಸ ಅಣ್ಣನಿಗಿರಲಿಲ್ಲ. ಮ್ಯಾನೇಜರ್ ಮತ್ತೆ ನಮ್ಮ ಕಡೆ ತಿರುಗಲಿಲ್ಲ. ಅಷ್ಟು ಹೊತ್ತೂ ನಾವು ನಿಂತೇ ಇದ್ದೆವು. ಅಲ್ಲಿ ಕುರ್ಚಿಗಳು ಖಾಲಿ ಇದ್ದವು.

ಈ ಸುದ್ದಿ ನಮ್ಮೂರ ಸಾಹುಕಾರರಿಗೆ ಮುಟ್ಟಿತು. ಹೊಲ, ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ ಎರಡೂ ಇದ್ದ ದೊಡ್ಡ ಮನೆತನದವರು. ಅಣ್ಣನನ್ನು ಕರೆಸಿ, "ನೀವಿಬ್ಬರ ಯಾಕ ಹೋದ್ರಿ? ನಾ ಬರ್ತೇನಿ, ನಡಿ" ಎಂದರು.

ಮರುವಾರ ಮೂವರೂ ಹೋದೆವು. ಅದೇ ಮ್ಯಾನೇಜರ್ ಬಾಗಿಲವರೆಗೆ ಬಂದು ಸಾಹುಕಾರರನ್ನು ಒಳಗೆ ಕರೆದೊಯ್ದ. ಚಹಾ ಬಂತು, ಅವರಿಬ್ಬರಿಗೆ. ಮಳೆಯ ಮಾತು, ಜೋಳದ ಪೇಟೆಯ ಮಾತು ಆಡುತ್ತಾಡುತ್ತ ದರ ಇಳಿಯಿತು. ಮ್ಯಾನೇಜರ್ ಕೈಯಲ್ಲಿ ಕೇಳಿದ್ದ ಮೇಲಿನ ಹಣವನ್ನೂ ಬಿಟ್ಟ. ಹುಕ್ಕನ್ನು ಬಿಟ್ಟಿ ಕೂಡಿಸಿಕೊಡುತ್ತೇನೆಂದ. ಅಣ್ಣ ಇಡೀ ಮಧ್ಯಾಹ್ನ ಬಾಯಿ ಒಣಗಿಸಿಕೊಂಡು ಕೇಳಿದ್ದೆಲ್ಲ ಒಂದು ಕಪ್ ಚಹಾದಲ್ಲಿ ಸಿಕ್ಕಿತು.

"ಆದ್ರ ಗಾಡಿ ಸಾವ್ಕಾರ್ರ ಹೆಸರಿಗೇ ಮಾಡ್ತೇವಿ," ಎಂದ ಮ್ಯಾನೇಜರ್. "ಈ ದರ ಅವರ ಮುಖಾ ನೋಡಿ ಕೊಟ್ಟಿದ್ದು."

ಸಾಹುಕಾರರು, "ಒಂದು ವರ್ಷ ಹೋಗಲಿ, ನಿನ್ನ ಹೆಸರಿಗೆ ಮಾಡಿಕೊಡ್ತೇನಿ" ಎಂದರು.

ನಾನು ಅಣ್ಣನನ್ನು ಹೊರಗೆ ಕರೆದು, "ಬ್ಯಾಡ ಅಣ್ಣಾ" ಎಂದೆ.

"ರೊಕ್ಕ ನಮ್ಮದು, ಓಡಿಸವ್ರು ನಾವು. ಹೆಸರೇನು ಕಂಪ್ರೆಸರ್ ಎಳೀತೈತೇನು?" ಎಂದು ಒಳಗೆ ಹೋಗಿ ಹಣ ಎಣಿಸಿಕೊಟ್ಟ.

ಆ ವರ್ಷ ದುಡಿದಷ್ಟು ನಾವು ಎಂದೂ ದುಡಿದಿರಲಿಲ್ಲ. ಒಂದು ಬಾವಿ ಮುಗಿದ ಸಂಜೆಯೇ ಕಂಪ್ರೆಸರ್ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದೆವು. ಆದರೆ ಸಾಹುಕಾರರ ಮನೆಯಿಂದ ಕರೆಗಳೂ ಶುರುವಾದವು. ಬೀಗರನ್ನು ಸಿಂದಗಿಗೆ ಬಿಟ್ಟು ಬರಬೇಕು. ಜೋಳದ ಚೀಲ ಪೇಟೆಗೆ ಹಾಕಬೇಕು. ಡೀಸೆಲ್ ನಮ್ಮದು. ಅಣ್ಣ ಒಮ್ಮೆಯೂ ಆಗುವುದಿಲ್ಲ ಎನ್ನಲಿಲ್ಲ. ವರ್ಷ ತುಂಬಿದ ಮೇಲೆ ಹೆಸರಿನ ಮಾತು ಎತ್ತಿದಾಗ ಅವರು, "ಗಡಿಬಿಡಿ ಏನೈತಿ? ನಾ ಎಲ್ಲಿ ಓಡಿ ಹೋಗ್ತೇನಿ?" ಎಂದು ನಕ್ಕರು.

ಮರುವರ್ಷ ತಂಗಡಗಿಯ ಹತ್ತಿರ ಒಂದು ಬಾವಿಯಲ್ಲಿ ಕೆಲಸ ನಡೆದಿತ್ತು. ನಾವಿಬ್ಬರೂ ಕೆಳಗಿದ್ದೆವು. ಮೇಲೆ ಬಂದು ನೋಡಿದರೆ ಕಂಪ್ರೆಸರ್ ಒಂದೇ ನಿಂತಿತ್ತು, ಪಿಕಪ್ ಇರಲಿಲ್ಲ. ಸಾಹುಕಾರರ ಮಗ ಡ್ರೈವರೊಬ್ಬನನ್ನು ಕರೆತಂದು ಗಾಡಿ ಒಯ್ದನೆಂದು ಹೊಲದ ಮಾಲೀಕ ಹೇಳಿದ. ಗಾಡಿ ತಮ್ಮದೇ ಎಂದು ಹೇಳಿದ್ದನಂತೆ. ಸುಳ್ಳೆಂದು ನಾವು ಯಾರಿಗೆ ತೋರಿಸಬೇಕು?

ಮರುದಿನ ಸಾಹುಕಾರರ ಮನೆಗೆ ಹೋದೆವು. ಅವರು ಕಟ್ಟೆಯ ಮೇಲೆ ಕೂತಿದ್ದರು. ಕೆಳಗೆ ನಾವು.

"ಮಗ ಅಡತಿಗೆ ಗಾಡಿ ಬೇಕಂತಾನ," ಎಂದರು. "ನಿನಗ ಬೇಕಂದ್ರ ದರ ಮಾತಾಡು."

"ನಮ್ಮ ಗಾಡಿಗೆ ನಾವೇನು ದರ ಮಾತಾಡೂದ್ರಿ, ಸಾವ್ಕಾರ್ರ?"

"ಅವತ್ತು ನಾ ಇಲ್ಲದಿದ್ರ ಆ ದರಕ್ಕ ನಿನಗ ಯಾರು ಕೊಡತಿದ್ರು? ಉಳಿದ ರೊಕ್ಕದಾಗ ನನ್ನ ಪಾಲು ಇಲ್ಲೇನು?"

ಅಣ್ಣ ತಿರುಗಿ ಹೊರಟುಬಿಡುತ್ತಾನೆಂದುಕೊಂಡೆ. ಅವನು ಮೆಟ್ಟಿಲ ಮೇಲೆ ಕೂತ. ಚೌಕಾಶಿಗೆ ಇಳಿದ. ತನ್ನ ದುಡ್ಡಿನಲ್ಲಿ ಕೊಂಡ ಗಾಡಿಗೆ, ಗಾಲಿ ಸವೆದದ್ದನ್ನು, ಎಂಜಿನ್ ಎಣ್ಣೆ ಕುಡಿಯುವುದನ್ನು ತೋರಿಸಿ ದರ ಇಳಿಸತೊಡಗಿದ. ಸವೆಸಿದವನೂ ಅವನೇ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ರಸ್ತೆಗೆ ಬಂದೆ. ಕೊನೆಗೆ ಗಾಡಿಗೆ ಬದಲಾಗಿ ಅವರ ಎರಡು ಬಾವಿಗಳನ್ನು ಕೂಲಿಯಿಲ್ಲದೆ, ಮದ್ದಿನ ಖರ್ಚನ್ನೂ ನಾವೇ ಹಾಕಿ, ಆಳ ಮಾಡಿಕೊಡಬೇಕೆಂದು ಮಾತಾಯಿತು. ಬೇಸಿಗೆಯೆಲ್ಲ ಅದರಲ್ಲೇ ಹೋಯಿತು. ಎರಡನೆಯ ಬಾವಿಯಲ್ಲಿ ನೀರು ಬಿದ್ದ ದಿನ ಅವರು ಗಾಡಿಯನ್ನು ಅಣ್ಣನ ಹೆಸರಿಗೆ ಮಾಡಿಸಿದರು. ಅತ್ತಿಗೆ ಆ ಗಾಡಿಯಲ್ಲಿ ಆಮೇಲೆ ಎಂದೂ ಕೂರಲಿಲ್ಲ. ತವರಿಗೆ ಹೋಗಬೇಕಾದರೂ ಬಸ್ಸು ಹಿಡಿಯುತ್ತಿದ್ದಳು.

ದಶಕ ಮುಗಿಯುವ ಮೊದಲೇ ಸಾಹುಕಾರರು ತೀರಿಕೊಂಡರು. ಶಾಲೆಯ ಅಂಗಳದಲ್ಲಿ ಸಂತಾಪ ಸಭೆ ಸೇರಿತು. ಭಾಷಣ ಮಾಡಿದ ಹಿರಿಯರೊಬ್ಬರು, ಕೇರಿಯ ಅಣ್ಣತಮ್ಮಂದಿರಿಗೆ ಗಾಡಿ ಕೊಡಿಸಿ ಬದುಕು ಕಟ್ಟಿಕೊಟ್ಟ ಪುಣ್ಯಾತ್ಮ ಎಂದರು. ಹಿಂದೆ ನಿಂತಿದ್ದ ಅಣ್ಣನನ್ನು ಗುರುತಿಸಿ, "ಹೌದಲ್ಲೋ ತಮ್ಮಾ?" ಎಂದು ಕೇಳಿದರು.

ಜನರೆಲ್ಲ ತಿರುಗಿ ನೋಡಿದರು. ಅಣ್ಣ ಕೈ ಮುಗಿದು, "ಹೌದ್ರಿ" ಎಂದ.

ಮನೆಯ ದಾರಿಯಲ್ಲಿ ನಾನು, "ಹೌದು ಅನ್ನಾಕ ನಿನಗ ಬಾಯಿ ಹೆಂಗ ಬಂತು?" ಎಂದು ಕೇಳಿದೆ.

"ಅವರ ಮಗ ಮುಂದ ಕುಂತಿದ್ದ," ಎಂದ ಅಣ್ಣ. "ಬರೂ ವಾರ ಅವನ ಬಾವ್ಯಾಗ ಕೆಲಸ ಐತಿ."

ಆ ಬಾವಿಗೆ ನಾನು ಇಳಿಯಲಿಲ್ಲ. ಅಣ್ಣ ಬೇರೆ ಆಳನ್ನು ಕರೆದುಕೊಂಡು ಹೋದ.