ಕತ್ತೆಕಿವಿ ರಾಜನಿಗೆ ಕತ್ತರಿ ಮಾಮನ ಕಟಿಂಗು

ಮೂವತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಕನ್ನಡಿಯ ಮುಂದೆ ನಿಂತು ಊರಿನ ತಲೆಗಳನ್ನು ಒಪ್ಪ ಮಾಡಿದವರು ಅವರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಕತ್ತರಿ ಮಾಮ. ಮಕ್ಕಳು ಬಂದರೆ ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಹಲಗೆಯೊಂದನ್ನಿಟ್ಟು ಕೂರಿಸುತ್ತಿದ್ದರು. ಕತ್ತರಿ ಕಂಡೊಡನೆ ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳನ್ನು ಅಲುಗಾಡದಂತೆ ಕೂರಿಸಲು ಅವರ ಬಳಿ ಇದ್ದದ್ದು ಒಂದೇ ಮದ್ದು: ಕತ್ತೆಕಿವಿ ರಾಜನ ಕಥೆ.

ಕಥೆ ಹಳೆಯದು, ಎಲ್ಲರೂ ಕೇಳಿದ್ದೇ. ರಾಜನಿಗೆ ಕತ್ತೆಯ ಕಿವಿ. ಅದನ್ನು ಕಿರೀಟದೊಳಗೆ ಮುಚ್ಚಿಟ್ಟುಕೊಂಡಿದ್ದಾನೆ. ವಿಷಯ ಗೊತ್ತಿರುವುದು ಅವನ ಕೂದಲು ಕತ್ತರಿಸುವವನಿಗೆ ಮಾತ್ರ. ಬಾಯಿಬಿಟ್ಟರೆ ತಲೆ ಹೋಗುತ್ತದೆ. ಗುಟ್ಟು ಹೊಟ್ಟೆಯಲ್ಲಿ ಉಬ್ಬಿ ಉಬ್ಬಿ ತಡೆಯಲಾರದೆ ಆ ಬಡಪಾಯಿ ಕಾಡಿಗೆ ಹೋಗಿ, ಗುಂಡಿ ತೋಡಿ, ಅದರೊಳಗೆ ಪಿಸುಗುಟ್ಟಿ ಬರುತ್ತಾನೆ. ಅಲ್ಲಿ ಬಿದಿರು ಬೆಳೆಯುತ್ತದೆ. ಯಾರೋ ಅದನ್ನು ಕಡಿದು ಕೊಳಲು ಮಾಡುತ್ತಾರೆ. ಕೊಳಲು ತುಂಬಿದ ಸಭೆಯಲ್ಲಿ "ರಾಜನಿಗೆ ಕತ್ತೆಕಿವಿ" ಎಂದು ಹಾಡಿಬಿಡುತ್ತದೆ. ಮಾಮನ ಕಥೆ ಇಲ್ಲಿಗೆ ಬರುವಷ್ಟರಲ್ಲಿ ಮಗುವಿನ ಕಟಿಂಗು ಮುಗಿದಿರುತ್ತಿತ್ತು. ಮುಂದೇನಾಯಿತೆಂದು ಅವರು ಯಾರಿಗೂ ಹೇಳಿದ್ದಿಲ್ಲ.

ಅರವತ್ತೊಂದು ತುಂಬಿದ ವರ್ಷ ಅವರ ಬಲಗೈ ನಡುಗತೊಡಗಿತು. ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕಿವಿಯ ಹಿಂದೆ ಸಣ್ಣದೊಂದು ಗೀರು ಬಿತ್ತು. "ಅಯ್ಯೋ ಬಿಡಿ ಮಾಮ, ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಜಾಸ್ತಿ ರಕ್ತ ಬರುತ್ತೆ" ಎಂದು ಆತ ನಕ್ಕುಬಿಟ್ಟ. ಮಾಮನಿಗೆ ನಗು ಬರಲಿಲ್ಲ. ಅದೇ ವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆ ಸೇರಿದರು. ಔಷಧಿ ಶುರುವಾಯಿತು, ನಡುಕ ನಿಲ್ಲಲಿಲ್ಲ. ಮಾಡಲು ಕೆಲಸವಿಲ್ಲದೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಹೆಂಡತಿ ರೇಗಿದಳು: "ನೀವು ಸುಮ್ನೆ ಕೂತ್ರೂ ಸರಿ, ಮಲಗಿದ್ರೂ ಸರಿ. ನನ್ನ ಡಬ್ಬಿಗಳ ತಂಟೆಗೆ ಬರ್ಬೇಡಿ. ಉಪ್ಪು ಹುಡುಕೋದ್ರಲ್ಲಿ ನನ್ನ ಅರ್ಧ ದಿನ ಹೋಯ್ತು!"

ಅವರ ಮಗಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಭಾನುವಾರ, ಲ್ಯಾಬಿನಲ್ಲಿ ಉಳಿದ ಗುಲಾಬಿ ಮೇಣವನ್ನು ಬೆರಳಲ್ಲಿ ನಾದುತ್ತಾ ಹೆಬ್ಬೆರಳಿನಷ್ಟು ದೊಡ್ಡ ತಲೆಯೊಂದನ್ನು ಮಾಡಿದಳು. ಎರಡು ಉದ್ದನೆಯ ಕಿವಿ ಅಂಟಿಸಿ ಅಪ್ಪನ ಮುಂದಿಟ್ಟಳು.

"ಇದ್ಯಾರು ಹೇಳಿ ನೋಡೋಣ?"

"ಅರೆ! ನಮ್ಮ ರಾಜ!"

ಊರಿನ ಗ್ರಂಥಾಲಯದವರು ಕಿರುಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಮೂರು ತಿಂಗಳು ಸಮಯ; ಹಳೆಯ ಕಥೆಯೊಂದನ್ನು ಯಾರು ಬೇಕಾದರೂ ಸಿನಿಮಾ ಮಾಡಿ ತರಬಹುದು, ಎಲ್ಲಕ್ಕಿಂತ ಚೆನ್ನಾಗಿರುವುದಕ್ಕೆ ಬಹುಮಾನ. "ನಾವು ಗೊಂಬೆ ಮಾಡಿ ಅನಿಮೇಷನ್ ಮಾಡೋಣ ಅಪ್ಪಾ" ಎಂದಳು ಮಗಳು. "ಗೊಂಬೇನ ಸ್ವಲ್ಪ ಸರಿಸೋದು, ಒಂದು ಫೋಟೊ. ಇನ್ನೊಂಚೂರು ಸರಿಸೋದು, ಇನ್ನೊಂದು ಫೋಟೊ. ಹನ್ನೆರಡು ಫೋಟೊ ಸೇರಿದ್ರೆ ಒಂದು ಸೆಕೆಂಡ್. ಆದ್ರೆ ಸರಿಸೋದು ಕೂದಲೆಳೆಯಷ್ಟೇ."

"ಕೂದಲಿನ ಲೆಕ್ಕ ನಂಗೆ ಹೇಳ್ಕೊಡ್ತೀಯಾ?" ಎಂದು ಮಾಮ ನಕ್ಕರು. ಮರುಕ್ಷಣವೇ ನಡುಗುವ ಕೈಯನ್ನು ಅವಳ ಮುಖದ ಮುಂದೆ ಹಿಡಿದರು. "ಮೊದ್ಲು ಇದನ್ನ ನೋಡು, ಆಮೇಲೆ ಮಾತಾಡು."

ಅವಳು ರಾಜನಿಗೆ ತಂತಿಯ ಮೈ ಕಟ್ಟಿ, ಮೇಜಿನ ಮೇಲೆ ನಿಲ್ಲಿಸಿ, ಎದುರಿಗೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. "ಅವನ ಕೈ ಎತ್ತಿಸಿ" ಎಂದಳು. ಮಾಮನ ಬೆರಳು ಗಡಗಡ ನಡುಗುತ್ತಲೇ ಹೋಗಿ ಗೊಂಬೆಯ ತೋಳನ್ನು ತುಸು ಮೇಲೆತ್ತಿ ಹಿಂದೆ ಬಂತು. ಕ್ಲಿಕ್. ಮತ್ತೆ ಹೋಯಿತು, ಬಂತು. ಕ್ಲಿಕ್. ಇಪ್ಪತ್ತನಾಲ್ಕು ಸಲ ಹೀಗಾದ ಮೇಲೆ ಅವಳು ಅದನ್ನು ಓಡಿಸಿದಳು.

ಪರದೆಯ ಮೇಲೆ ರಾಜ ನಿಧಾನವಾಗಿ, ಗಂಭೀರವಾಗಿ, ಒಂದಿಷ್ಟೂ ನಡುಗದೆ ಕೈ ಎತ್ತಿದ.

ಮಾಮ ಮೊಬೈಲಿನ ಹತ್ತಿರಕ್ಕೆ ಬಗ್ಗಿದರು. "ನನ್ನ ನಡುಕ ಎಲ್ಲಿ ಹೋಯ್ತೇ?"

"ನೀವು ಕೈ ತೆಗೆದ ಮೇಲೆ ತಾನೇ ನಾನು ಫೋಟೊ ತೆಗೆಯೋದು! ಅದು ಕ್ಯಾಮೆರಾಗೆ ಕಾಣೋದೇ ಇಲ್ಲ ಅಪ್ಪಾ."

ಮಾಮ ಆ ಎರಡು ಸೆಕೆಂಡನ್ನು ಹನ್ನೊಂದು ಸಲ ನೋಡಿದರು. ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. "ಏ ಇವಳೇ, ಬಾರೇ ಇಲ್ಲಿ! ರಾಜ ಕೈ ಎತ್ತಿದ!"

"ಎತ್ತಿದ್ರೆ ಇಳಿಸೋಕೆ ಹೇಳಿ, ಊಟ ಆರ್ತಾ ಇದೆ" ಎಂದು ಒಳಗಿನಿಂದ ಉತ್ತರ ಬಂತು.

ಮರುದಿನದಿಂದ ಮನೆಯ ಚಹರೆಯೇ ಬದಲಾಯಿತು. ಮಲಗುವ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಬಿತ್ತು. ಇಸ್ತ್ರಿ ಮೇಜು ಅರಮನೆಯಾಯಿತು. ತಮ್ಮನ ಅಂಗಡಿಯಿಂದ ಗುಡಿಸಿದ ಕೂದಲು ಚೀಲದಲ್ಲಿ ಬಂತು. ಮಾಮ ಅದನ್ನು ತೊಳೆದು, ಬಣ್ಣವಾರು ವಿಂಗಡಿಸಿ, ಒಂದೊಂದೇ ಎಳೆ ಅಂಟಿಸಿದರು. ನಿವೃತ್ತ ಮೇಷ್ಟರ ಬಿಳಿಗೂದಲು ರಾಜನ ಗಡ್ಡವಾಯಿತು, ಪೋಸ್ಟ್‌ಮ್ಯಾನ್ ಕೂದಲು ಮಂತ್ರಿಯ ಮೀಸೆಯಾಯಿತು. ಮಗಳು ಸಂಜೆ ಕೆಲಸದಿಂದ ಬಂದು ಒಂದೊಂದು ಗೊಂಬೆಗೂ ಒಂಬತ್ತು ಬಾಯಿ ಮಾಡಿದಳು. 'ಆ' ಎನ್ನಲು ಒಂದು, 'ಊ' ಎನ್ನಲು ಒಂದು, ತುಟಿ ಮುಚ್ಚಿದ್ದು ಇನ್ನೊಂದು. ಹಲ್ಲಿನ ಸೆಟ್ಟಿನಂತೆ ತೆಗೆದು ತೆಗೆದು ಹಾಕುವುದು. ಕೂದಲು ಹಾರುತ್ತದೆಂದು ಫ್ಯಾನ್ ಬಂದ್. ಅಪ್ಪ ಮಗಳಿಬ್ಬರೂ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ, ನಗುನಗುತ್ತಾ ಹೊರಗೆ ಬರುತ್ತಿದ್ದರು. ಕೊಳಲಿನ ದನಿ ಬೇಕಾದಾಗ ಅಮ್ಮನನ್ನು ಹಿಡಿದರು. ಅವಳು ಖಾಲಿ ಬಕೆಟ್ಟಿನೊಳಗೆ ತಲೆ ಹಾಕಿ "ರಾಜನಿಗೆ ಕತ್ತೆಕಿವಿ" ಎಂದು ರಾಗ ಎಳೆದಳು. ನಗು ತಡೆಯಲಾರದೆ ಆರು ಸಲ ಕೆಡಿಸಿ, ಏಳನೆಯ ಸಲಕ್ಕೆ ಸರಿಯಾಗಿ ಹಾಡಿದಳು.

ಜಗಳವಾದದ್ದು ಕಥೆಯ ಕೊನೆಗೆ. "ರಾಜ ಕ್ಷಮಿಸ್ತಾನೆ, ಎಲ್ಲರೂ ಜೈಕಾರ ಹಾಕ್ತಾರೆ. ನಾವು ಸ್ಕೂಲಲ್ಲಿ ಕೇಳಿದ್ದು ಹಂಗೇ" ಎಂದಳು ಮಗಳು.

"ಕ್ಷಮಿಸೋಕೆ ಆ ಬಡಪಾಯಿ ಮಾಡಿದ ತಪ್ಪಾದ್ರೂ ಏನು? ನಂಗೆ ಆ ಕೊನೆ ಯಾವತ್ತೂ ಹಿಡಿಸಿಲ್ಲ. ಅದಕ್ಕೇ ಮಕ್ಕಳಿಗೆ ಹೇಳ್ತಿರಲಿಲ್ಲ."

ಎರಡು ದಿನ ಮಾಮ ಮನಸ್ಸಿನಲ್ಲೇ ಒಂದೊಂದು ಕೊನೆ ಕಟ್ಟಿ ಕೆಡವಿದರು. ಮೂರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳ ಬಳಿ ಧಾವಿಸಿ ಬಂದರು. "ಕೇಳು! ರಾಜ ಸಭೆಯಲ್ಲೇ ಕುರ್ಚಿ ಹಾಕಿಸ್ತಾನೆ. ಕಿರೀಟ ತೆಗೆದಿಡ್ತಾನೆ. 'ಕಿವಿ ಚೆನ್ನಾಗಿ ಕಾಣೋ ಹಂಗೆ ಕಟಿಂಗ್ ಮಾಡಪ್ಪಾ' ಅಂತಾನೆ!"

ಮಗಳು ಬಾಯಿತುಂಬ ನೊರೆಯಿಟ್ಟುಕೊಂಡೇ ಅಪ್ಪನನ್ನು ತಬ್ಬಿಕೊಂಡಳು.

ಆ ದೃಶ್ಯವನ್ನು ತೆಗೆದದ್ದು ಪ್ರದರ್ಶನಕ್ಕೆ ನಾಲ್ಕೇ ದಿನ ಇರುವಾಗ. ಕಿರೀಟ ತೆಗೆದಾದ ಮೇಲೆ ಅರವತ್ತು ಫೋಟೊ ಮುಗಿದಿತ್ತು. ಆಗ ಮಗಳು ಕಂಡಳು: ದೀಪದ ಕಾವಿಗೆ ಮೇಣ ಕರಗಿ ರಾಜನ ಎಡಗಿವಿ ಜೋತುಬಿದ್ದಿದೆ! "ಎಲ್ಲಾ ಹೋಯ್ತು" ಎಂದು ನೆಲದ ಮೇಲೆ ಕೂತುಬಿಟ್ಟಳು. ಎಷ್ಟು ಕೆಟ್ಟಿದೆ ನೋಡೋಣವೆಂದು ಮಾಮ ಅದನ್ನು ಓಡಿಸಿದರು. ನೀರು ಕೊಡಲು ಬಂದ ಅಮ್ಮ ಹಿಂದೆ ನಿಂತು ನೋಡಿದಳು. ಕಿರೀಟ ಸರಿಯಿತು, ಕಿವಿ ನೆಟ್ಟಗೆ ನಿಂತಿತು, ಆಮೇಲೆ ತುಂಬಿದ ಸಭೆಯ ಮುಂದೆ ಮೆಲ್ಲಮೆಲ್ಲನೆ ಬಾಗತೊಡಗಿತು.

"ಪಾಪ, ಎಷ್ಟು ನಾಚ್ಕೊಂಡ ನೋಡಿ" ಎಂದಳು ಅಮ್ಮ. ಅವಳ ಕಣ್ಣಲ್ಲಿ ನೀರಿತ್ತು.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ದೀಪ ಆರಿಸಿ, ಮೇಣ ಗಟ್ಟಿಯಾಗುವವರೆಗೆ ಕಾದು, ಆ ಅರವತ್ತು ಫೋಟೊ ಹಾಗೆಯೇ ಇಟ್ಟುಕೊಂಡು ಅಲ್ಲಿಂದ ಮುಂದುವರಿಸಿದರು. ಗೊಂಬೆಯ ಕತ್ತರಿ ಆಡಿದಂತೆಲ್ಲ ಆ ಕಿವಿಯನ್ನು ಮಾಮ ಕೂದಲೆಳೆಯಷ್ಟೇ ಮೇಲೆತ್ತುತ್ತಾ ಹೋದರು. ಎಪ್ಪತ್ತು ಫೋಟೊ.

ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಏಳು ಸಿನಿಮಾಗಳಲ್ಲಿ ಇವರದು ಐದನೆಯದು, ನಾಲ್ಕು ನಿಮಿಷ ಹತ್ತು ಸೆಕೆಂಡಿನದು. ಮಾಮ ಕೂರಲಾಗದೆ ಬಾಗಿಲ ಬಳಿ ನಿಂತಿದ್ದರು. ಬಕೆಟ್ಟಿನ ಕೊಳಲಿಗೆ ಜನ ಬಿದ್ದುಬಿದ್ದು ನಕ್ಕರು. ಕಿವಿ ಬಾಗಿದಾಗ ಯಾರೋ "ಅಯ್ಯೋ ಪಾಪ" ಎಂದರು. ಅದು ಮತ್ತೆ ನೆಟ್ಟಗಾಗಿ, ಹೊಸ ಕಟಿಂಗಿನ ರಾಜ ಕನ್ನಡಿ ನೋಡಿ ಹುಬ್ಬು ಹಾರಿಸಿದಾಗ ಮುಂದಿನ ಸಾಲಿನ ಮಕ್ಕಳು ಕುರ್ಚಿ ಹತ್ತಿ "ಮತ್ತೊಂದ್ಸಲ! ಮತ್ತೊಂದ್ಸಲ!" ಎಂದು ಕೂಗಿದರು. ಗ್ರಂಥಪಾಲಕಿ ಗಡಿಯಾರ ನೋಡಿಕೊಂಡು, ನಕ್ಕು, ಮತ್ತೆ ಹಾಕಿದರು. ಬಹುಮಾನ ಸಿಕ್ಕಿದ್ದು ಕಾಗದ ಕತ್ತರಿಸಿ ಮಾಡಿದ ಇನ್ನೊಂದು ಚಿತ್ರಕ್ಕೆ. ಅದು ನಿಜಕ್ಕೂ ಸೊಗಸಾಗಿತ್ತು. ಮಾಮ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು.

ಈಗ ಪ್ರತಿ ಶನಿವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮಾಮ ಗೊಂಬೆ ಆಡಿಸುವುದನ್ನು ಕಲಿಸುತ್ತಾರೆ. ಇಬ್ಬರು ನರ್ಸುಗಳು, ಒಬ್ಬ ಬಸ್ ಡ್ರೈವರ್, ಕಾಗದದ ಚಿತ್ರ ಮಾಡಿ ಗೆದ್ದವಳು, ಹೀಗೆ ಎಂಟು ಜನ ಬರುತ್ತಾರೆ. ನಡುಕ ಈಗ ಎಡಗೈಗೂ ಹಬ್ಬಿದೆ; ಅದಕ್ಕೆ ತಕ್ಕಂತೆ ಗೊಂಬೆಗಳನ್ನು ತುಸು ದೊಡ್ಡದು ಮಾಡಿಕೊಂಡಿದ್ದಾರೆ. ಮೊನ್ನೆ ಬಸ್ ಡ್ರೈವರ್ ಮಾಡಿದ ಮೇಣದ ಆಮೆ ಮೊದಲ ಸಲ ನಾಲ್ಕು ಹೆಜ್ಜೆ ನಡೆಯಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಮಾಮನೇ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದವರು ಓಡಿ ಬಂದು ಏನಾಯಿತೆಂದು ಕೇಳಿದರು. ಮಾಮ ಅವರನ್ನೂ ಎಳೆದು ಕೂರಿಸಿ ಆಮೆಯ ನಡಿಗೆ ತೋರಿಸಿದರು.